ಆಟದ ಬಯಲಿನ ಅಂಚಿಗೆ ಹೂವಿನ ಮಡಿ

ಆಟದ ಬಯಲಿನ ಹೂಗಿಡಗಳನ್ನು ನೋಡಿಕೊಳ್ಳಲು ಆಟಗಾರನಿಗಿಂತ ತಕ್ಕವರು ಸಿಗುವುದು ಕಷ್ಟ. ಚೆಂಡು ಎಲ್ಲಿ ಬೀಳುತ್ತದೆ, ಮಕ್ಕಳು ಯಾವ ಕಡೆಯಿಂದ ಓಡಿಬರುತ್ತಾರೆ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂಬುದು ದಿನವೂ ಅಲ್ಲಿಗೆ ಬರುವವನಿಗೇ ಗೊತ್ತು. ಗಾಲ್ಫ್‌ನಲ್ಲಿ ಆಟಕ್ಕೂ ಗಿಡಕ್ಕೂ ನಂಟು ಹಳೆಯದು. ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನ ಮೊದಲು ಸಸಿ ಬೆಳೆಸಿ ಮಾರುವ ನರ್ಸರಿಯಾಗಿತ್ತು. ಅಲ್ಲಿನ 18 ಹೋಲ್‌ಗಳಿಗೂ ಇಂದಿಗೂ ಗಿಡಮರಗಳದೇ ಹೆಸರು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಆಟಗಳು ಬೇರೆ. ಇಲ್ಲಿ ಕ್ರಿಕೆಟ್, ಕಬಡ್ಡಿ, ಖೋಖೋ, ವಾಲಿಬಾಲ್; ಬಯಲೆಂದರೆ ಶಾಲೆಯ ಮೈದಾನ ಅಥವಾ ತಾಲೂಕು ಕ್ರೀಡಾ ಸಂಕುಲ. ಆದರೆ ಹೆಸರು ಬಯಸದೆ ಅಂಚಿನಲ್ಲೊಂದು ಹೂವಿನ ಮಡಿ ಬೆಳೆಸುವ ಕೆಲಸ ಇಲ್ಲಿಯೂ ಆಗುವಂಥದು.

ಮೊದಲ ಹೆಜ್ಜೆ ಒಪ್ಪಿಗೆ. ನೆಟ್ಟವರು ಯಾರೆಂಬ ಗುಟ್ಟು ಆಟಗಾರರಿಂದ ಇರಬಹುದು, ಊರವರಿಂದ ಇರಬಹುದು. ಮೈದಾನ ನೋಡಿಕೊಳ್ಳುವ ಸಿಪಾಯಿಯಿಂದ ಮಾತ್ರ ಇರಬಾರದು. ಅವನಿಗೆ ತಿಳಿಸದೆ ನೆಟ್ಟ ಸಸಿ ಕಳೆಯ ಜೊತೆಗೇ ಕುಡುಗೋಲಿಗೆ ಹೋಗುತ್ತದೆ. ಶಾಲೆಯಾದರೆ ಮುಖ್ಯೋಪಾಧ್ಯಾಯರನ್ನು, ಸಂಕುಲವಾದರೆ ಕಚೇರಿಯವರನ್ನು ಕೇಳಿ, ನಲ್ಲಿಯ ನೀರು ಬಳಸಬಹುದೇ ಎಂಬುದನ್ನೂ ಅಂದೇ ತಿಳಿದುಕೊಳ್ಳಬೇಕು. ಉದಗೀರ ಕೋಟೆಯಂಥ ಹಳೆಯ ಸ್ಮಾರಕಗಳ ಆವರಣದಲ್ಲಿ ನೆಲ ಅಗೆಯುವ ಯೋಚನೆಯೇ ಬೇಡ.

ಜಾಗ ಆರಿಸುವಾಗ ಆಟಕ್ಕೆ ಮೊದಲ ಹಕ್ಕು. ಕಬಡ್ಡಿ ಅಂಕಣದ ಗೆರೆಯಿಂದ ಕನಿಷ್ಠ 4 ಮೀಟರು ಬಿಟ್ಟು ಮಡಿ ಮಾಡಬೇಕು. ಕ್ರಿಕೆಟ್ ಬೌಂಡರಿಯ ಆಚೆಗೂ ಓಡಿಬಂದವನು ನಿಲ್ಲುವಷ್ಟು ತೆರವು ಇರಬೇಕು. ಅಂಚುಗಳಿಗೆ ಇಟ್ಟಿಗೆ, ಕಲ್ಲು ನಿಲ್ಲಿಸುವುದು ಚೆಂದ ಕಂಡರೂ ಬಿದ್ದವನ ಮೊಣಕಾಲಿಗೆ ಕೇಡು; ಮಣ್ಣಿನ ಇಳಿಜಾರು ಸಾಕು. ಮುಳ್ಳಿರುವ ಕಾಗದದ ಹೂ, ಗುಲಾಬಿ ಇಲ್ಲಿಗೆ ಹೊಂದುವುದಿಲ್ಲ. ಕಣಗಿಲೆ ನೀರಿಲ್ಲದೆಯೂ ಬದುಕುತ್ತದೆ, ದನ ಮುಟ್ಟುವುದಿಲ್ಲ ಎಂದು ಹಲವರು ನೆಡುತ್ತಾರೆ. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಮಕ್ಕಳು ಆಡುವ ಕಡೆ ಅದನ್ನು ನೆಡಲೇಬಾರದು.

ಈ ಸೀಮೆಯ ಗೆಲುವು ಸೋಲು ನಿಂತಿರುವುದು ಮಣ್ಣಿನ ಮೇಲೆ. ದಖ್ಖಣದ ಕಪ್ಪು ಶಿಲೆ ಶಿಥಿಲವಾಗಿ ಆದ ಎರೆ ಮಣ್ಣು ಇದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಹೂಗಿಡಕ್ಕೆ ಎರಡೂ ಹೊತ್ತು ಕಷ್ಟದ್ದೇ: ಆಗಸ್ಟಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ, ಏಪ್ರಿಲಿನಲ್ಲಿ ಬಿರುಕಿನ ಸೆಳೆತಕ್ಕೆ ಹರಿಯುತ್ತದೆ. ಅದಕ್ಕೇ ನೆಲದ ಮಟ್ಟದಲ್ಲಿ ಗುಂಡಿ ತೋಡಿ ನೆಡದೆ, ಮುಕ್ಕಾಲು ಅಡಿ ಎತ್ತರದ ಏರು ಮಡಿ ಕಟ್ಟಬೇಕು. ಅಗಲ ಮೂರು ಅಡಿ ಮೀರದಿದ್ದರೆ ಒಳಗೆ ಕಾಲಿಡದೆ ಎರಡೂ ಬದಿಯಿಂದ ಕೈ ಎಟುಕುತ್ತದೆ. ತುಳಿದ ಎರೆ ಮಣ್ಣು ಗಟ್ಟಿಯಾದರೆ ಮತ್ತೆ ಸಡಿಲಾಗುವುದು ತಡ. ಚದರ ಮೀಟರಿಗೆ ನಾಲ್ಕೈದು ಕಿಲೋ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಹಸಿ ಸಗಣಿ ಬೇಡ, ಗೆದ್ದಲನ್ನು ಕರೆತರುತ್ತದೆ. ಹಸಿ ನೆಲಕ್ಕೆ ಗುದ್ದಲಿ ಹಾಕಿದರೆ ಕಲ್ಲಿನಂಥ ಹೆಂಟೆ ಏಳುತ್ತದೆ. ಹಿಡಿ ಮಣ್ಣು ತೆಗೆದು ಹಿಚುಕಿದಾಗ ಅಂಟದೆ ಪುಡಿಯಾದರೆ ಹದ ಬಂದಿದೆ ಎಂದರ್ಥ.

ಬಿತ್ತನೆಗೆ ಮಿರಗ ಮಳೆಯೇ ಹೊತ್ತು, ಅಂದರೆ ಜೂನ್ ಮೊದಲ ವಾರದ ಕೊನೆ. ಚೆಂಡುಹೂವಿನ ಬೀಜ ವಾರದೊಳಗೆ ಮೊಳೆಯುತ್ತದೆ. ಮೂರು–ನಾಲ್ಕು ವಾರದ ಸಸಿಯನ್ನು ಸಂಜೆ ಹೊತ್ತು ಕಿತ್ತು, ಒಂದೂವರೆ ಅಡಿಗೊಂದರಂತೆ ನೆಡಬೇಕು. ನೆಟ್ಟು ತಿಂಗಳಾದ ಮೇಲೆ ತುದಿ ಚಿವುಟಿದರೆ ಪಕ್ಕದ ಕವಲೊಡೆದು ಗಿಡ ಪೊದೆಯಾಗುತ್ತದೆ, ದಸರೆಯ ಹೊತ್ತಿಗೆ ಹೂ ತುಂಬುತ್ತದೆ. ದಸರೆಯ ಹಿಂದಿನ ದಿನ ಯಾರಾದರೂ ಹೂ ಕಿತ್ತೊಯ್ದರೆ ಬೇಸರ ಬೇಡ. ಊರ ಬಾಗಿಲಿಗೇ ಹೋಗುವ ಹೂ ಅದು. ನಿತ್ಯಪುಷ್ಪ ಇನ್ನೂ ಗಟ್ಟಿ ಗಿಡ, ಬಿಸಿಲು ಎಷ್ಟಿದ್ದರೂ ಹೂ ಬಿಡುತ್ತದೆ. ಬಯಲಿಗೆ ದಿನವೂ ಬರಲಾಗದವನಿಗೆ ಗುಲಬಕ್ಷಿ ಒಳ್ಳೆಯದು: ಬೇಸಿಗೆಯಲ್ಲಿ ಮೇಲ್ಭಾಗ ಒಣಗಿದರೂ ನೆಲದೊಳಗಿನ ಗಡ್ಡೆ ಉಳಿದು, ಮಳೆ ಬಿದ್ದೊಡನೆ ಚಿಗುರುತ್ತದೆ. ಗುಲಬಕ್ಷಿಯ ಕರಿ ಬೀಜವಾಗಲಿ ನಿತ್ಯಪುಷ್ಪದ ಎಲೆಯಾಗಲಿ ಬಾಯಿಗೆ ಹಾಕುವಂಥದಲ್ಲ ಎಂದು ಮಕ್ಕಳಿಗೆ ಹೇಳಿಡಬೇಕು. ಸೇವಂತಿಗೆಯ ಸ್ವಭಾವ ಬೇರೆ. ಇರುಳು ಉದ್ದವಾದಾಗಲೇ ಅದು ಮೊಗ್ಗು ಕಟ್ಟುತ್ತದೆ. ರಾತ್ರಿ ವಾಲಿಬಾಲ್ ಆಡಲು ಹಾಕಿದ ದೊಡ್ಡ ದೀಪದ ಬೆಳಕು ಬೀಳುವ ಕಡೆ ನೆಟ್ಟರೆ ಎಲೆ ಸೊಂಪಾಗಿ ಬೆಳೆದರೂ ಹೂ ತಡವಾಗುತ್ತದೆ, ಇಲ್ಲವೇ ಬರುವುದೇ ಇಲ್ಲ.

ಇನ್ನು ನೀರು. 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇಂಥ ನಾಡಿನಲ್ಲಿ ಹೂವಿಗೆಂದು ಪೈಪು ಬಿಟ್ಟು ಹೋಗುವುದು ತಪ್ಪು. ಸುಣ್ಣ ಬಳಿಯದ, ಸುಟ್ಟ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಮಡಿಯಲ್ಲಿ ಹೂತು, ನೀರು ತುಂಬಿ ಮುಚ್ಚಳ ಹಾಕಿದರೆ ಅದು ಮೆಲ್ಲಗೆ ಜಿನುಗಿ ಸುತ್ತಲಿನ ನಾಲ್ಕೈದು ಗಿಡಗಳನ್ನು ಸಾಕುತ್ತದೆ. ಮಡಿಯ ಮೇಲೆ ಮೂರು ಬೆರಳು ದಪ್ಪ ಸೋಯಾ ಇಲ್ಲವೇ ತೊಗರಿ ಹೊಟ್ಟು ಹರಡಬೇಕು. ಇವು ಈ ತಾಲೂಕುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೇಳಿದರೆ ಸಿಗುತ್ತವೆ. ಆರುವ ನೀರನ್ನು ತಡೆಯುತ್ತವೆ, ಬಿರುಕನ್ನೂ ತಗ್ಗಿಸುತ್ತವೆ. ಶಾಲೆಯ ಮಧ್ಯಾಹ್ನದ ಊಟದ ನಂತರ ಮಕ್ಕಳು ಬರೀ ಕೈ ತೊಳೆದ ನೀರು ಹೂವಿಗೆ ಆಗುತ್ತದೆ. ಶುದ್ಧ ನೀರಿನ ಘಟಕದಿಂದ ಹೊರಬೀಳುವ ನೀರು ಮಾತ್ರ ಬೇಡ. ಅದರ ಉಪ್ಪು ಎರೆ ಮಣ್ಣಿನಲ್ಲಿ ಕೂತುಬಿಡುತ್ತದೆ.

ಆಡು, ದನ ಒಳಬರದಂತೆ ತೊಗರಿ ಕಟ್ಟಿಗೆಯ ತಡಿಕೆ ಸಾಕು. ದಾಸವಾಳದ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ರೋಗವಲ್ಲ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಬೇರಿಗೆ ಕಬ್ಬಿಣ ದಕ್ಕಿಲ್ಲ, ಅಷ್ಟೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಸ್ವಲ್ಪ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬೇಕು. ಒಣ ಬಿಸಿಲಿನಲ್ಲಿ ಚೆಂಡುಹೂವಿಗೆ ಕೆಂಪು ನುಸಿ ಹತ್ತಿದರೆ ಎಲೆಯ ಕೆಳಮೈಗೆ ನೀರು ಚಿಮ್ಮಿಸಿ ತೊಳೆಯುವುದೇ ಮೊದಲ ಮದ್ದು.

ಆಟದ ನಡುವೆ ಗಿಡಕ್ಕೆ ಕೈ ಹಾಕಬಾರದು. ಗಾಲ್ಫ್‌ನಲ್ಲಿ ಇದು ಬರೆದಿಟ್ಟ ನಿಯಮ: ಬೆಳೆದು ನಿಂತ ಗಿಡವನ್ನು ಬಗ್ಗಿಸಿ, ಮುರಿದು ತನ್ನ ಹೊಡೆತಕ್ಕೆ ಅನುಕೂಲ ಮಾಡಿಕೊಂಡವನಿಗೆ, ಸ್ಟ್ರೋಕ್ ಲೆಕ್ಕದ ಆಟದಲ್ಲಿ ಎರಡು ಹೊಡೆತಗಳ ದಂಡ. ಕೆಲವು ಮೈದಾನಗಳಲ್ಲಿ ಹೂಮಡಿಯನ್ನು ಆಟ ನಿಷಿದ್ಧ ಜಾಗವೆಂದು ಗುರುತಿಸಿರುತ್ತಾರೆ. ಅಲ್ಲಿ ಬಿದ್ದ ಚೆಂಡನ್ನು ಇದ್ದಲ್ಲಿಂದಲೇ ಹೊಡೆಯುವಂತಿಲ್ಲ. ಶಾಲೆಯ ಬಯಲಲ್ಲಿಯೂ ಮಡಿಗೆ ಬಿದ್ದ ಚೆಂಡನ್ನು ಒಬ್ಬನೇ ಹೋಗಿ ತರಬೇಕು ಎಂಬ ಒಪ್ಪಂದವಿದ್ದರೆ ಗಿಡ ಉಳಿಯುತ್ತದೆ. ಕಳೆ ಕೀಳುವುದು, ಬಾಡಿದ ಹೂ ತೆಗೆಯುವುದು ಆಟಕ್ಕೆ ಮೊದಲು, ಬೆಳಗಿನ ಹೊತ್ತು.

ದೀಪಾವಳಿಯ ನಂತರ ನಾಟಿ ತಳಿಯ ದೊಡ್ಡ ಚೆಂಡುಹೂಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೀಜ ಬಿಡಿಸಿ, ನೆರಳಲ್ಲಿ ಆರಿಸಿ ಬಟ್ಟೆಯ ಗಂಟಿನಲ್ಲಿ ಕಟ್ಟಿಡಬೇಕು. ಹೈಬ್ರಿಡ್ ಗಿಡದ ಬೀಜ ಮುಂದಿನ ವರ್ಷ ಅದೇ ಹೂ ಕೊಡುವುದಿಲ್ಲ, ಅದನ್ನು ಹೊಸದಾಗಿ ಕೊಳ್ಳಬೇಕು. ಮಾರ್ಚಿನಲ್ಲಿ ಒಣಗಿದ ಚೆಂಡುಹೂವಿನ ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಹೊಟ್ಟಿನ ಹೊದಿಕೆಯನ್ನು ಹಾಗೆಯೇ ಬಿಡಬೇಕು. ಮಿರಗಕ್ಕೆ ಅದೇ ಕೊಳೆತು ಮಣ್ಣಿಗೆ ಸೇರುತ್ತದೆ. ನೆಟ್ಟವನು ಕೆಲಸಕ್ಕೆಂದು ಪುಣೆಗೋ ಹೈದರಾಬಾದಿಗೋ ಹೋಗುವುದಾದರೆ ಗಡಿಗೆಗಳು ಎಲ್ಲೆಲ್ಲಿ ಹೂತಿವೆ ಎಂಬುದನ್ನು ಸಿಪಾಯಿಗೆ ತೋರಿಸಿ, ಬೀಜದ ಗಂಟನ್ನೂ ಅವನ ಕೈಗೆ ಕೊಟ್ಟು ಹೋಗಬೇಕು.