ಪುಟ್ಟ ಗಣಕಯಂತ್ರದಲ್ಲಿ ಲೆಕ್ಕಪತ್ರಕ್ಕೊಂದು ಉಗ್ರಾಣ



ಮಕ್ಕಳು ಬೆಂಗಳೂರಿನಿಂದ ತಂದಿಟ್ಟ ಹಳೆಯ ನೆಟ್‌ಬುಕ್ ನಮ್ಮ ಅರಳಸುರಳಿಯ ಕಡೆ ಕೆಲವು ಮನೆಗಳಲ್ಲಿ ಮೂಲೆ ಸೇರಿದೆ. ಲಿನಕ್ಸ್ ಹಾಕಿದರೆ ಅದು ತೋಟದ ಲೆಕ್ಕಕ್ಕೆ ಧಾರಾಳವಾಗಿ ಸಾಕು. ತೊಡಕಿರುವುದು ಜಾಗದ್ದು. 2007ರಲ್ಲಿ ಬಂದ ಏಸಸ್ ಈ ಪಿಸಿ 701ರ ಒಳಸಂಗ್ರಹ ಕೇವಲ 4 ಜಿಬಿ. ಬಹುಪಾಲು ಲಿನಕ್ಸಿಗೇ ಹೋಗುತ್ತದೆ. ಆದುದರಿಂದ ಕೊಯ್ಲು, ಕೂಲಿ, ಮಳೆಯ ದಾಖಲೆಗಳನ್ನು ಎಸ್‌ಡಿ ಕಾರ್ಡಿನಲ್ಲಿಡುವುದು ಮೇಲು.

ವಿಂಡೋಸಿನಲ್ಲಿ ಸಿ, ಡಿ ಎಂದು ಬೇರೆ ಬೇರೆ ಮನೆಗಳು. ಲಿನಕ್ಸಿನಲ್ಲಿ ಇಡೀ ಸಂಗ್ರಹಕ್ಕೆ ಹೆಬ್ಬಾಗಿಲು ಒಂದೇ. ಕಾರ್ಡನ್ನು ಒಳಗಿನ ಒಂದು ಖಾಲಿ ಫೋಲ್ಡರಿಗೆ ಜೋಡಿಸಬೇಕು. ಹಿತ್ತಿಲ ಉಗ್ರಾಣಕ್ಕೆ ಜಗಲಿಯಿಂದಲೇ ಬಾಗಿಲಿಟ್ಟಂತೆ. ಇದೇ ‘ಮೌಂಟ್’.

ಕಳೆದ ಮಳೆಗಾಲದಲ್ಲಿ ನನ್ನಿಂದಾದ ತಪ್ಪನ್ನು ಹೇಳಬೇಕು. ಕಾರ್ಡು ಜೋಡಣೆಯಾಗದೆ ಯಂತ್ರ ಶುರುವಾಗಿತ್ತು. ಗಮನಿಸದೆ ಹದಿನೈದು ದಿನ ‘ಲೆಕ್ಕ’ ಎಂಬ ಫೋಲ್ಡರಿನಲ್ಲಿ ಬರೆದೆ. ಎಲ್ಲವೂ ಒಳಸಂಗ್ರಹಕ್ಕೆ ಹೋಯಿತು. ಮುಂದೆ ಕಾರ್ಡು ಜೋಡಣೆಯಾದಾಗ ಆ ದಿನಗಳ ಹಾಜರಿ ಕಾಣಲಿಲ್ಲ. ಕೂಲಿಯವರೊಬ್ಬರಿಗೆ ಮೂರು ದಿನದ ಹಣ ಕಡಿಮೆ ಕೊಟ್ಟೆ. ಕಾರ್ಡನ್ನು ಬಿಡಿಸಿ ನೋಡಿದರೆ ಬರಹವೆಲ್ಲ ಅದರಡಿಯಲ್ಲೇ ಮುಚ್ಚಿಹೋಗಿತ್ತು! ಹಣವನ್ನು ಮುಟ್ಟಿಸಿ ಕ್ಷಮೆ ಕೇಳಿದೆ. ನಿಮಗೆ ಹೀಗಾಗದಿರಲು ಕ್ರಮ ಇದು. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆಯಬೇಕು.

1. ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು, ಗಾತ್ರ ನೋಡಿ ಕಾರ್ಡು ಯಾವುದೆಂದು ಖಚಿತಪಡಿಸಿಕೊಳ್ಳಿ. ಅದರಲ್ಲಿರುವುದನ್ನು ಬೇರೆಡೆ ನಕಲಿಸಿ, ‘ಇಎಕ್ಸ್‌ಟಿ4’ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಇದರಿಂದ ಹಳೆಯದೆಲ್ಲ ಅಳಿಯುತ್ತದೆ, ಎಚ್ಚರ.

2. ಖಾಲಿ ಫೋಲ್ಡರನ್ನು ‘ಸುಡೋ’ ಅಧಿಕಾರದಿಂದಲೇ ಮಾಡಿ. ಆಗ ಕಾರ್ಡಿಲ್ಲದ ದಿನ ಸಾಮಾನ್ಯ ಬಳಕೆದಾರನು ಅದರಲ್ಲಿ ಬರೆಯಲಾರ, ಯಂತ್ರವೇ ತಡೆಯುತ್ತದೆ. ನಾನು ಬಿಟ್ಟಿದ್ದು ಈ ಹೆಜ್ಜೆಯನ್ನೇ.

3. ‘ಸುಡೋ’ ಸೇರಿಸಿ ‘ಬಿಎಲ್‌ಕೆಐಡಿ’ ಕೊಟ್ಟರೆ ಕಾರ್ಡಿನ ಯುಯುಐಡಿ ಗುರುತು ಸಿಗುತ್ತದೆ. ‘ಎಸ್‌ಡಿಬಿ’ಯಂಥ ಹೆಸರು ಬದಲಾಗಬಹುದು; ಈ ಗುರುತು ಮತ್ತೆ ಫಾರ್ಮ್ಯಾಟ್ ಮಾಡುವ ತನಕ ಇರುತ್ತದೆ.

4. ‘ಇಟಿಸಿ’ ಫೋಲ್ಡರಿನ ‘ಎಫ್‌ಎಸ್‌ಟ್ಯಾಬ್’ ಕಡತದ ಕೊನೆಗೆ ಒಂದು ಸಾಲು ಸೇರಿಸಿ: ಗುರುತು, ಫೋಲ್ಡರಿನ ಪೂರ್ಣ ದಾರಿ, ಮಾದರಿ, ಆಯ್ಕೆ, 0, 2. ಆಯ್ಕೆಯ ಜಾಗದಲ್ಲಿ ‘ನೋಫೇಲ್’ ಇದ್ದರೆ ಕಾರ್ಡಿಲ್ಲದಿದ್ದರೂ ಯಂತ್ರ ಶುರುವಾಗುತ್ತದೆ. ‘ನೋಎಟೈಮ್’ ಇದ್ದರೆ ಕಾರ್ಡಿನ ಸವೆತ ಕಡಿಮೆ. ಇವೆರಡರ ನಡುವೆ ಅಲ್ಪವಿರಾಮ ಮಾತ್ರ, ತೆರಪು ಬೇಡ.

5. ‘ಸುಡೋ ಮೌಂಟ್’ ಬರೆದು, ತೆರಪು ಬಿಟ್ಟು, ಅಡ್ಡಗೆರೆ ಮತ್ತು ‘ಎ’ ಅಕ್ಷರ ಕೊಡಿ. ಸಾಲಿನ ಹಲವು ತಪ್ಪುಗಳು ಈಗಲೇ ತಿಳಿಯುತ್ತವೆ. ಜೋಡಣೆಯಾದ ಮೇಲೆ ‘ಸಿಎಚ್‌ಓನ್’ ಆಜ್ಞೆಯಿಂದ ಕಾರ್ಡಿನ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿ.

6. ಕಾರ್ಡು ಕೀಳುವ ಮುನ್ನ ‘ಯುಮೌಂಟ್’ ಕೊಡಿ. ಈ ಪದದ ಮೊದಲಲ್ಲಿ ‘ಯು’ ಅಕ್ಷರವೊಂದೇ, ‘ಎನ್’ ಇಲ್ಲ.

ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಹಳೆಯ ಬ್ಯಾಟರಿಯನ್ನು ನಂಬುವಂತಿಲ್ಲ. ಇಎಕ್ಸ್‌ಟಿ4 ಸಂಗ್ರಹದ ಕಟ್ಟನ್ನು ಕಾಯುತ್ತದೆ, ಉಳಿಸದ ಬರಹವನ್ನಲ್ಲ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲಿಸಿಡಿ. ಕೂಲಿಯ ಹಾಜರಿ ಮಾತ್ರ ಪುಸ್ತಕದಲ್ಲೂ ಇರಲಿ. ಅದು ಇನ್ನೊಬ್ಬರ ದುಡಿಮೆಯ ಲೆಕ್ಕ.

— ಕಾರ್ಯದರ್ಶಿ