ಹಳೆ ಲೇತಿಗೆ ಮರುಜೀವ: ಮೊದಲು ಬೆಡ್ ನೋಡಿ

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಹೊತ್ತಿಗೇ ಸ್ಪ್ರೇಯರಿನ ಬುಷ್ ಸವೆಯುತ್ತದೆ. ಅಡಿಕೆ ಸುಲಿಯುವ ಯಂತ್ರದ ಶಾಫ್ಟ್ ಕೈಕೊಡುವುದು ಮಾಲು ರಾಶಿ ಬಿದ್ದಾಗಲೇ. ಪೇಟೆಯ ಲೇತ್ ಅಂಗಡಿಗೆ ಹೋದರೆ ಅಲ್ಲಿ ನಮ್ಮ ಹಾಗೆ ಇನ್ನೂ ಹತ್ತು ಜನ ಕಾಯುತ್ತಿರುತ್ತಾರೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಹೋಗ್ತದೆ. ಮಳೆ ಆ ಎರಡು ದಿನ ಕೊಡಬೇಕಲ್ಲ!

ಮನೆಯ ಶೆಡ್ಡಿನಲ್ಲಿ ಒಂದು ಲೇತ್ ಇದ್ದರೆ ಎಷ್ಟು ಅನುಕೂಲ ಎಂಬ ಯೋಚನೆ ಹುಟ್ಟುವುದು ಇಂಥಾ ಹೊತ್ತಿನಲ್ಲಿ. ಹೊಸತು ನಮ್ಮಂಥವರ ಕೈಗೆಟಕುವುದಿಲ್ಲ. ಹಳತು ಗುಜರಿಯವರಲ್ಲಿ, ಬಾಗಿಲು ಹಾಕಿದ ವರ್ಕ್‌ಶಾಪುಗಳಲ್ಲಿ ತೂಕದ ಲೆಕ್ಕದಲ್ಲೇ ಸಿಗುವುದುಂಟು. ಅದನ್ನು ತಂದು ಸರಿಪಡಿಸಲಿಕ್ಕೆ ಸಾಧ್ಯ. ಆದರೆ ಎಲ್ಲ ಹಳೆ ಲೇತೂ ಸರಿಯಾಗುವ ಜಾತಿಯದ್ದಲ್ಲ. ಯಾವುದನ್ನು ತರಬೇಕು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದರಲ್ಲೇ ಮುಕ್ಕಾಲು ಪಾಲು ಲಾಭ-ನಷ್ಟ ತೀರ್ಮಾನ ಆಗಿಬಿಡ್ತದೆ.

ನಮ್ಮ ರಾಜ್ಯದಲ್ಲೇ ಒಳ್ಳೆ ಲೇತ್‌ಗಳು ತಯಾರಾಗಿವೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಶುರುವಾದದ್ದು, ಬೆಂಗಳೂರಿನ ಎಚ್.ಎಂ.ಟಿ. 1953ರಲ್ಲಿ. ಹರಿಹರದ ಕಾರ್ಖಾನೆ ಮುಚ್ಚಿದೆ, ಆದರೆ ಅದರ ಲೇತ್‌ಗಳು ಇನ್ನೂ ತಿರುಗುತ್ತಿವೆ. (ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಮೊದಮೊದಲು ಮಾಡಿ ಮಾರಿದ್ದು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಹಾಗಾಗಿ ಲೇತಿಗೂ ನಮಗೂ ಹಳೆ ನಂಟೇ.) ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟೆಯ ಲೇತ್‌ಗಳೂ ನಮ್ಮಲ್ಲಿ ಧಾರಾಳ. ಕಂಪೆನಿ ಹೆಸರು ನೋಡಿ ಮರುಳಾಗಬೇಡಿ. ಚೆನ್ನಾಗಿ ಎಣ್ಣೆ ಕಂಡ ಬಟಾಲಾ ಲೇತ್, ಎಣ್ಣೆ ಕಾಣದ ದೊಡ್ಡ ಹೆಸರಿನ ಲೇತಿಗಿಂತ ಮೇಲು.

ಬೆಡ್ ಪರೀಕ್ಷೆ

ಲೇತಿನ ಬೆನ್ನುಮೂಳೆ ಅದರ ಬೆಡ್. ಬುಷ್, ನಟ್, ಗೇರ್, ಮೋಟಾರ್ ಎಲ್ಲ ಬದಲಾಯಿಸಬಹುದು. ಬೆಡ್ ಸವೆದರೆ ದೊಡ್ಡ ಯಂತ್ರದಲ್ಲಿ ಗ್ರೈಂಡಿಂಗ್ ಮಾಡಿಸಬೇಕು. ಸಾಗಾಟ ಸೇರಿಸಿದರೆ ಆ ಖರ್ಚು ಲೇತಿನ ಬೆಲೆಯನ್ನೇ ಮೀರೀತು.

ಸಣ್ಣ ಕೆಲಸಗಳೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತ ಯಾವಾಗಲೂ ಅಲ್ಲೇ ಜಾಸ್ತಿ. ಟೈಲ್‌ಸ್ಟಾಕ್ ಕಡೆಯ ತುದಿ ಹೆಚ್ಚಾಗಿ ಹೊಸತರ ಹಾಗೇ ಇರ್ತದೆ. ಪರೀಕ್ಷೆ ಸುಲಭ. ಕ್ಯಾರೇಜನ್ನು ಚಕ್ಕಿನ ಹತ್ತಿರ ತನ್ನಿ. ಅದನ್ನು ಬೆಡ್ಡಿಗೆ ಬಿಗಿಯುವ ಬೋಲ್ಟನ್ನು ಸ್ವಲ್ಪವೇ ಬಿಗಿ ಮಾಡಿ, ಕೈಚಕ್ರ ತುಸು ಗಟ್ಟಿಯಾಗಿ ತಿರುಗಬೇಕು, ಅಷ್ಟೆ. ಈಗ ಟೈಲ್‌ಸ್ಟಾಕ್ ಕಡೆಗೆ ಓಡಿಸಿ. ಕೊನೆವರೆಗೂ ಒಂದೇ ಹದದಲ್ಲಿ ಹೋದರೆ ಬೆಡ್ ಚೆನ್ನಾಗಿದೆ. ಹೋಗ್ತಾ ಹೋಗ್ತಾ ಬಿಗಿಯಾದರೆ ಸವೆತ ಉಂಟು. ಅರ್ಧದಲ್ಲೇ ಕಚ್ಚಿ ನಿಂತರೆ ಚೌಕಾಸಿ ಮಾಡುವುದೂ ಬೇಡ, ಮನೆಗೆ ಬನ್ನಿ.

ಸ್ವಲ್ಪ ಸವೆತ ಇದ್ದರೆ ಗಾಬರಿ ಬೇಡ. ಟೂಲ್ ನೇರ ಕೆಳಗೆ ಇಳಿದರೆ ಅಳತೆಗೆ ದೊಡ್ಡ ಪೆಟ್ಟಿಲ್ಲ. 25 ಮಿ.ಮೀ. ಸರಳಿನಲ್ಲಿ ಟೂಲ್ 0.1 ಮಿ.ಮೀ. ಕೆಳಗಿಳಿದರೆ ವ್ಯಾಸದ ವ್ಯತ್ಯಾಸ 0.001 ಮಿ.ಮೀ.ಗಿಂತಲೂ ಕಡಿಮೆ. ಅದೇ 0.1 ಮಿ.ಮೀ. ಅಡ್ಡಕ್ಕೆ ಸರಿದರೆ ವ್ಯಾಸ 0.2 ಮಿ.ಮೀ. ದಪ್ಪವಾಗ್ತದೆ. ಆದ್ದರಿಂದ ಬೆಡ್ಡಿನ ಎದುರಿನ 'ವಿ' ಏಣಿನ ಮೇಲೆ ಉಗುರು ಆಡಿಸಿ ನೋಡಿ. ಅಲ್ಲಿ ಮೆಟ್ಟಿಲು ಸಿಕ್ಕಿದರೆ ಅದೇ ಮುಖ್ಯವಾದ ಕೆಡುಕು.

ಮುಂದಿನದ್ದು ಸ್ಪಿಂಡಲ್. ಒಂದು ದಪ್ಪ ಸರಳನ್ನು ಚಕ್ಕಿಗೆ ಕಚ್ಚಿಸಿ, ಕೆಳಗಿಂದ ಮರದ ತುಂಡು ಕೊಟ್ಟು ಮೇಲೆತ್ತಿ. ಡಯಲ್ ಗೇಜಿನ ಮುಳ್ಳನ್ನು ಚಕ್ಕಿನ ಹಿಂದೆ ಸ್ಪಿಂಡಲಿಗೇ ತಾಗಿಸಿಡಿ. 0.05 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಬೇರಿಂಗ್ ಕೆಲಸ ಉಂಟು ಅಂತ ಲೆಕ್ಕ. ಹಳೆ ಲೇತಿನ ಗನ್‌ಮೆಟಲ್ ಬೇರಿಂಗಾದರೆ ಶಿಮ್ ತೆಗೆದು ಬಿಗಿ ಮಾಡಲಿಕ್ಕಾಗ್ತದೆ. ಹೊಸತು ಕಡೆಸುವುದೂ ಸಾಧ್ಯ. ಇದಕ್ಕಾಗಿ ಲೇತನ್ನು ಬಿಟ್ಟು ಬರಬೇಕಾಗಿಲ್ಲ, ಕ್ರಯ ಇಳಿಸಿದರೆ ಸಾಕು.

ಗೇರ್‌ಗಳ ಹಲ್ಲು ಎಣಿಸಿ. ಥ್ರೆಡ್ ಹಾಕುವ ಬಿಡಿ ಗೇರ್‌ಗಳು ಲೇತಿನ ಜೊತೆಗೆ ಇವೆಯೋ ಕೇಳಿ, ಆಮೇಲೆ ಹುಡುಕಿದರೆ ಸಿಗುವುದು ಕಷ್ಟ. ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದಾದರೆ ಮಿಲಿಮೀಟರ್ ಥ್ರೆಡ್ಡಿಗೆ 127 ಹಲ್ಲಿನ ಗೇರ್ ಬೇಕು, ಒಂದು ಇಂಚೆಂದರೆ 25.4 ಮಿ.ಮೀ. ತಾನೇ? 25.4ನ್ನು ಐದರಿಂದ ಗುಣಿಸಿದರೆ 127. ಮತ್ತೊಂದು ಮಾತು: ಹೊಸದಾಗಿ ಪೇಯಿಂಟ್ ಬಳಿದ ಹಳೆ ಲೇತ್ ಕಂಡರೆ ಎರಡು ಪಟ್ಟು ಎಚ್ಚರ. ಬೀಡಿನ ಬಿರುಕು ಮುಚ್ಚಲಿಕ್ಕೆ ಪೇಯಿಂಟಿನಷ್ಟು ಅಗ್ಗದ ಮದ್ದು ಬೇರಿಲ್ಲ.

ತರುವಾಗ, ಬಿಚ್ಚುವಾಗ

ಲೇತಿನ ಭಾರ ಇರುವುದು ಮೇಲೆ, ಅದೂ ಹೆಡ್‌ಸ್ಟಾಕ್ ಕಡೆಗೆ. ಹಾಗಾಗಿ ಸುಲಭವಾಗಿ ಮಗುಚುತ್ತದೆ. ಟೈಲ್‌ಸ್ಟಾಕನ್ನೂ ಕ್ಯಾರೇಜನ್ನೂ ಇನ್ನೊಂದು ತುದಿಗೆ ಸರಿಸಿ ಬಿಗಿ ಮಾಡಿ. ಬುಡಕ್ಕೆ ಅಗಲದ ಹಲಗೆ ಬೋಲ್ಟ್ ಮಾಡಿ, ಜಿ.ಐ. ಪೈಪಿನ ಮೇಲೆ ಉರುಳಿಸಿ. ಎತ್ತಲಿಕ್ಕೆ ಚೈನ್ ಬ್ಲಾಕ್ ಇರಲಿ. ಹತ್ತು ಆಳು ಸೇರಿ ಹೆಗಲು ಕೊಟ್ಟು ಎತ್ತುವ ಕೆಲಸ ಇದಲ್ಲ.

ಬಿಚ್ಚುವ ಮೊದಲು ಅಳೆದು ಬರೆದಿಡಿ. ಯಾವ ಜಿಬ್ ಎಲ್ಲಿ, ಯಾವ ಶಿಮ್ ಎಷ್ಟು ದಪ್ಪ ಎಂದು ಚೀಟಿ ಕಟ್ಟಿ. ಈಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೂ ಆದೀತು.

ತುಕ್ಕು ಕಂಡ ಕೂಡಲೇ ಎಮರಿ ಹಾಳೆ, ಗ್ರೈಂಡರ್ ಹಿಡಿಯುವ ಚಾಳಿ ನಮ್ಮಲ್ಲಿದೆ. ಬೆಡ್ಡಿಗೆ ಅದು ಖಂಡಿತ ಬೇಡ. ಎಮರಿಯ ಪುಡಿ ಬೀಡಿನಲ್ಲಿ ಕೂತು ಮುಂದೆ ವರ್ಷಗಟ್ಟಲೆ ಅರೆಯುತ್ತಲೇ ಇರ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಒಂದು ರಾತ್ರಿ ಬಿಟ್ಟು, ಬ್ಲೇಡನ್ನು ಮಲಗಿಸಿ ಹಿಡಿದು ಕೆರೆದರೆ ತುಕ್ಕು ಪುಡಿಪುಡಿಯಾಗಿ ಏಳುತ್ತದೆ.

ಸಣ್ಣ ಕಬ್ಬಿಣದ ಭಾಗಗಳಿಗೆ ವಾಷಿಂಗ್ ಸೋಡಾದ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ಬಕೇಟಿನ 10 ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ಸೋಡಾ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪ್ಲಸ್ ತಂತಿ ಒಂದು ಗುಜರಿ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆಯುವುದರೊಳಗೆ ತುಕ್ಕು ಸಡಿಲಾಗ್ತದೆ. ಪ್ಲಸ್ಸಿಗೆ ಸ್ಟೀಲ್ ಚಮಚ, ತಟ್ಟೆ ಕಟ್ಟಬೇಡಿ, ಸ್ಟೇನ್‌ಲೆಸ್ಸಿನಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲಿಡಿ, ಬೀಡಿ ಹಚ್ಚಬೇಡಿ. ಬಕೇಟಿಗೆ ಕೈ ಹಾಕುವ ಮುಂಚೆ ಚಾರ್ಜರ್ ಬಂದ್ ಮಾಡಿ. ಅಲ್ಯೂಮಿನಿಯಂ, ಗನ್‌ಮೆಟಲ್ ಭಾಗಗಳಿಗೆ ಇದು ಆಗದು.

ಕ್ರಾಸ್ ಸ್ಲೈಡ್ ನಟ್ಟಿನ ಆಟದ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ತಾರೆ. ಹಿಡಿಕೆ ಕಾಲು ಸುತ್ತು ಖಾಲಿ ತಿರುಗಿದರೂ, ಪ್ರತಿ ಸಲವೂ ಒಂದೇ ದಿಕ್ಕಿನಿಂದ ಟೂಲ್ ತಂದರೆ ಅಳತೆ ತಪ್ಪುವುದಿಲ್ಲ. ಪುರುಸೊತ್ತಾದಾಗ ಹೊಸ ನಟ್ ಮಾಡಿದರಾಯ್ತು.

ಮೋಟಾರಿನ ವಿಚಾರ

ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನಿಗೆ ಲೇತ್ ಜೋಡಿಸುವ ಆಸೆ ಎಲ್ಲರಿಗೂ ಬರ್ತದೆ. ಅದು ನೀರೆತ್ತಲಿಕ್ಕೆ ಕೊಟ್ಟ ಸಂಪರ್ಕ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಮನೆಯ ಸಿಂಗಲ್ ಫೇಸಿನಲ್ಲೇ ಒಂದು ಎಚ್.ಪಿ.ಯ ತ್ರೀ ಫೇಸ್ ಮೋಟಾರ್ ಓಡಿಸಲಿಕ್ಕೆ ಈಗ ವಿ.ಎಫ್.ಡಿ. ಎಂಬ ಡ್ರೈವ್ ಸಿಗ್ತದೆ. ವೇಗವನ್ನು ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಹಳೆ ಲೇತಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಕಾಣೆ. ಆದರೆ ಈ ಡ್ರೈವ್ ಕೊಡುವುದು 230 ವೋಲ್ಟಿನ ತ್ರೀ ಫೇಸ್. ನಮ್ಮಲ್ಲಿ ಸಿಗುವ ಸಣ್ಣ ಮೋಟಾರ್‌ಗಳು ಹೆಚ್ಚಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯವು. ಅಂಥದ್ದನ್ನು ಡೆಲ್ಟಾಕ್ಕೆ ಬದಲಾಯಿಸಬೇಕು. ಪೆಟ್ಟಿಗೆಯಲ್ಲಿ ಆರು ತಂತಿ ಹೊರಗೆ ಬಂದಿದ್ದರೆ ಸಲೀಸು, ಮೂರೇ ಇದ್ದರೆ ವೈಂಡಿಂಗಿನವರ ಸಹಾಯ ಬೇಕು. ಅರ್ತಿಂಗ್ ಕಡ್ಡಾಯ.

ಇನ್ನೊಂದು ಅಪಾಯ ಗೊತ್ತಿರಲಿ. ಹಳೆ ಲೇತ್‌ಗಳಲ್ಲಿ ಚಕ್ ಕೂರುವುದು ಸ್ಪಿಂಡಲಿನ ಥ್ರೆಡ್ಡಿನ ಮೇಲೆ. ಡ್ರೈವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದರೆ, ಓಡುವಾಗಲೇ ರಿವರ್ಸ್ ಕೊಟ್ಟರೆ, ಚಕ್ ತಿರುಚಿಕೊಂಡು ಕಳಚಿ ಬಂದೀತು. ಹತ್ತಿಪ್ಪತ್ತು ಕಿಲೋ ಕಬ್ಬಿಣ ಕಾಲ ಮೇಲೆ! ನಿಲ್ಲುವ ಸಮಯ ಐದಾರು ಸೆಕೆಂಡ್ ಇಟ್ಟುಕೊಳ್ಳಿ.

ದುಡ್ಡು ಮಿಕ್ಕಿದರೆ ಮೊದಲು ಕೊಳ್ಳಬೇಕಾದ್ದು ನಾಲ್ಕು ದವಡೆಯ ಚಕ್. ಮೂರು ದವಡೆಯದ್ದು ಹಳತಾದರೆ ನಡುಮಧ್ಯ ಹಿಡಿಯುವುದಿಲ್ಲ. ನಾಲ್ಕು ದವಡೆಯದ್ದರಲ್ಲಿ ಡಯಲ್ ಗೇಜ್ ಇಟ್ಟು ಬೇಕಾದಷ್ಟು ಕರಾರುವಾಕ್ಕಾಗಿ ಕೂರಿಸಬಹುದು. ಟೂಲ್ ಸಾದಾ ಎಚ್.ಎಸ್.ಎಸ್. ಇರಲಿ, ನಿಧಾನದ ಲೇತಿಗೆ ಅದೇ ಒಗ್ಗುವುದು. 25 ಮಿ.ಮೀ. ಸಾದಾ ಉಕ್ಕಿಗೆ ನಿಮಿಷಕ್ಕೆ 300 ಸುತ್ತು ಸಾಕು.

ಕೂರಿಸುವುದು

ಲೆವೆಲ್ ನೋಡಿ ಕೂರಿಸಿದ ಮೇಲೂ ಬೆಡ್ ತಿರುಚಿಕೊಂಡಿರಬಹುದು. ದಪ್ಪನೆಯ ಸರಳನ್ನು ಚಕ್ಕಿಗೆ ಕಚ್ಚಿಸಿ, ಟೈಲ್‌ಸ್ಟಾಕ್ ಆಧಾರ ಕೊಡದೆ, 150 ಮಿ.ಮೀ. ಅಂತರದಲ್ಲಿ ಎರಡು ಪಟ್ಟಿಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಹಗುರಕ್ಕೆ ಕಡೆಯಿರಿ. ಎರಡನ್ನೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಟೈಲ್‌ಸ್ಟಾಕ್ ಕಡೆಯ ಪಟ್ಟಿ ದಪ್ಪವಿದ್ದರೆ, ಆ ತುದಿಯ ಎದುರಿನ ಕಾಲಿಗೆ, ಅಂದರೆ ನಾವು ನಿಲ್ಲುವ ಬದಿಯ ಕಾಲಿಗೆ, ತೆಳು ತಗಡು ಕೊಡಿ. ತೆಳ್ಳಗಿದ್ದರೆ ಹಿಂದಿನ ಕಾಲಿಗೆ. ಎರಡು ಪಟ್ಟಿ ಸಮ ಆಗುವವರೆಗೆ ಇದೇ ಕೆಲಸ. ಒಂದು ದಿನ ಹೋದರೂ ಹೋಗಲಿ. ಹಳೆ ಲೇತ್ ಸರಿಯಿಲ್ಲ ಎಂದು ದೂರುವವರಲ್ಲಿ ಬಹಳ ಮಂದಿ ಈ ಒಂದು ದಿನ ಕೊಟ್ಟಿರುವುದಿಲ್ಲ.

ಒಬ್ಬರ ತೋಟದ ಕೆಲಸಕ್ಕೆ ಮಾತ್ರ ಲೇತ್ ಎಂದರೆ ವರ್ಷದ ಹೆಚ್ಚಿನ ದಿನ ಅದು ಸುಮ್ಮನೆ ಕೂರ್ತದೆ. ನಾಲ್ಕು ಮನೆಯವರು ಸೇರಿ ತಂದರೆ ಲೆಕ್ಕ ಸರಿಹೊಂದೀತು. ಆದರೆ ನಡೆಸುವ ಕೈ ಒಂದೋ ಎರಡೋ ಇರಲಿ. ಕೈಗವಸು, ಉದ್ದ ತೋಳಿನ ಅಂಗಿ, ಸಡಿಲ ಲುಂಗಿ ಲೇತಿನ ಹತ್ತಿರ ಬರಲೇಬಾರದು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಕೈ ತೆಗೆಯುವ ಅಭ್ಯಾಸ ಯಾರಿಗೂ ಬೇಡ.

ಮಳೆಗಾಲಕ್ಕೆ ಮೊದಲು ಬೆಡ್ಡಿಗೆ, ಸ್ಕ್ರೂಗಳಿಗೆ ದಪ್ಪ ಎಣ್ಣೆ ಸವರಿ ಹತ್ತಿ ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಹೊದೆಸಿದರೆ ಒಳಗೇ ಬೆವರಿ ತುಕ್ಕು ಬರ್ತದೆ. ಅದೇ ಶೆಡ್ಡಿನಲ್ಲಿ ಮೈಲುತುತ್ತು, ಪೊಟ್ಯಾಷ್ ಚೀಲ ಇಡುವ ಕ್ರಮ ಇದ್ದರೆ ಈಗಲೇ ಬೇರೆ ಜಾಗ ನೋಡಿ. ಎರಡೂ ಕಬ್ಬಿಣವನ್ನು ತಿನ್ನುವಂಥವೇ.