ಕಿರುಗಾಯದ ಗರ್ಭಕೋಶ ಶಸ್ತ್ರಚಿಕಿತ್ಸೆ: ಪಳಗಿದ ಕೈ, ಎಚ್ಚೆತ್ತ ವಿವೇಕ

ಗರ್ಭಕೋಶವನ್ನು ತೆಗೆಸಬೇಕೆಂದು ವೈದ್ಯರು ಹೇಳಿದಾಗ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಖರ್ಚೆಷ್ಟು? ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು? ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: ದೊಡ್ಡ ಗಾಯವಿಲ್ಲದೆ ಮಾಡಲಾಗುವುದೇ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದವು ಇನ್ನೆರಡಿವೆ. ಈ ಶಸ್ತ್ರಚಿಕಿತ್ಸೆ ನಿಜವಾಗಿಯೂ ಅಗತ್ಯವೇ? ಅದನ್ನು ಮಾಡುವ ಕೈ ಎಷ್ಟು ಪಳಗಿದೆ? ಸ್ತ್ರೀರೋಗ ತಜ್ಞರು ಈ ವಿದ್ಯೆಯನ್ನು ಕಲಿಯುವ ಬಗೆಯನ್ನು ಅರಿತರೆ ಈ ಎರಡು ಪ್ರಶ್ನೆಗಳ ಮಹತ್ವ ನಮಗೆ ತಿಳಿಯುತ್ತದೆ.

ಗರ್ಭಕೋಶವನ್ನು ತೆಗೆಯಲು ಮುಖ್ಯವಾಗಿ ಮೂರು ಮಾರ್ಗಗಳಿವೆ. ಮೊದಲನೆಯದು ಕಿಬ್ಬೊಟ್ಟೆಯನ್ನು ಅಗಲವಾಗಿ ಕೊಯ್ದು ಮಾಡುವುದು. ಎರಡನೆಯದು ಯೋನಿಮಾರ್ಗ, ಇದರಲ್ಲಿ ಹೊಟ್ಟೆಯ ಮೇಲೆ ಗಾಯವೇ ಇರುವುದಿಲ್ಲ. ಜರ್ಮನಿಯ ಶಸ್ತ್ರವೈದ್ಯ ಲ್ಯಾಂಗೆನ್‌ಬೆಕ್ 1813ರಲ್ಲಿಯೇ ಇದನ್ನು ಮಾಡಿದ್ದರು. ಮೂರನೆಯದು ಲ್ಯಾಪರೋಸ್ಕೋಪಿ, ಅಂದರೆ ಉದರದರ್ಶಕದ ಮಾರ್ಗ. ಹೊಕ್ಕುಳಿನ ಬಳಿ ಚಿಕ್ಕ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸಿ, ಕ್ಯಾಮೆರಾ ಇಳಿಸಿ, ಇನ್ನೆರಡು ಮೂರು ರಂಧ್ರಗಳಿಂದ ತೆಳುವಾದ ಉಪಕರಣಗಳನ್ನು ಆಡಿಸುತ್ತಾರೆ. ಅಮೆರಿಕದ ಡಾ. ಹ್ಯಾರಿ ರೈಕ್ 1988ರಲ್ಲಿ ಈ ವಿಧಾನದಿಂದ ಮೊದಲ ಬಾರಿಗೆ ಗರ್ಭಕೋಶವನ್ನು ತೆಗೆದರು. ಸಾಧ್ಯವಿರುವಲ್ಲಿ ಯೋನಿಮಾರ್ಗವೇ ಮೊದಲ ಆಯ್ಕೆಯಾಗಬೇಕು. ಅದು ಆಗದಿದ್ದಾಗ ಲ್ಯಾಪರೋಸ್ಕೋಪಿ ಒಳ್ಳೆಯದು ಎಂಬುದು ಇಂದಿನ ವೈದ್ಯಶಾಸ್ತ್ರದಲ್ಲಿ ಬಹುಮಾನ್ಯ ಅಭಿಪ್ರಾಯ. ಈ ಎರಡರಲ್ಲಿಯೂ ನೋವು ಕಡಿಮೆ, ಚೇತರಿಕೆ ಬೇಗ.

ಹೊರಗಿನ ಗಾಯ ಚಿಕ್ಕದೆಂದ ಮಾತ್ರಕ್ಕೆ ಒಳಗಿನ ಕೆಲಸ ಸುಲಭವೆಂದು ಭಾವಿಸಬಾರದು. ಗರ್ಭಕೋಶಕ್ಕೆ ರಕ್ತವನ್ನೊಯ್ಯುವ ಧಮನಿಯ ಅಡಿಯಲ್ಲಿಯೇ ಮೂತ್ರನಾಳ ಹಾದುಹೋಗುತ್ತದೆ. ಗರ್ಭಕೊರಳಿನಿಂದ ಅದು ಇರುವ ದೂರ ಸುಮಾರು 2 ಸೆಂಟಿಮೀಟರ್ ಮಾತ್ರ. ಮುಂಭಾಗದಲ್ಲಿ ಮೂತ್ರಕೋಶ, ಹಿಂಭಾಗದಲ್ಲಿ ಕರುಳು. ಲ್ಯಾಪರೋಸ್ಕೋಪಿಯಲ್ಲಿ ವೈದ್ಯರು ಪರದೆಯನ್ನು ನೋಡಿ ಕೆಲಸ ಮಾಡಬೇಕು; ಸಾಧಾರಣ ಪರದೆಯಲ್ಲಿ ಆಳ ಸರಿಯಾಗಿ ತೋರುವುದಿಲ್ಲ. ಕೈ ಎಡಕ್ಕೆ ಸರಿದರೆ ಒಳಗಿನ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಬೆರಳುಗಳ ಸ್ಪರ್ಶಜ್ಞಾನವೂ ಬಹಳಷ್ಟು ಕುಗ್ಗುತ್ತದೆ. ಆದ್ದರಿಂದ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನುರಿತವರೂ ಇದನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ಈ ಕಲಿಕೆಯನ್ನು ಅರಿಯಲು ಮಂಗಳೂರು ತಕ್ಕ ನೆಲೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ಇಲ್ಲಿಯ ಸರ್ಕಾರಿ ಆಸ್ಪತ್ರೆಗಳಾದ ವೆನ್ಲಾಕ್ ಮತ್ತು ಲೇಡಿಗೋಷನ್‌ಗಳಲ್ಲಿ ಪಾಠ ಕಲಿತಿದ್ದಾರೆ. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಿಂದ ದೇರಳಕಟ್ಟೆಯವರೆಗೆ ಹಲವು ವೈದ್ಯಕೀಯ ಕಾಲೇಜುಗಳು ನಗರದಲ್ಲಿಯೂ ಅದರ ಸುತ್ತಲೂ ಬೆಳೆದಿವೆ. ಪದವಿಯ ನಂತರ ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗದ ಎಂ.ಎಸ್. ಶಿಕ್ಷಣ 3 ವರ್ಷಗಳದು. ಆ ಅವಧಿಯಲ್ಲಿ ಹೆರಿಗೆ, ಸಿಸೇರಿಯನ್, ತುರ್ತು ಚಿಕಿತ್ಸೆ ಎಲ್ಲವನ್ನೂ ಕಲಿಯಬೇಕಾದುದರಿಂದ, ಲ್ಯಾಪರೋಸ್ಕೋಪಿಯಲ್ಲಿ ಪೂರ್ಣ ನೈಪುಣ್ಯಕ್ಕೆ ಅನೇಕರು ಅನಂತರವೂ ಪ್ರತ್ಯೇಕ ತರಬೇತಿ ಪಡೆಯುತ್ತಾರೆ.

ಉತ್ತಮ ತರಬೇತಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಅಭ್ಯಾಸದ ಪೆಟ್ಟಿಗೆ: ಮುಚ್ಚಿದ ಪೆಟ್ಟಿಗೆಯೊಳಗೆ ಉಪಕರಣ ತೂರಿಸಿ, ಪರದೆಯನ್ನು ನೋಡುತ್ತಾ ಸಣ್ಣ ವಸ್ತುಗಳನ್ನು ಎತ್ತಿಡುವುದು, ಹೊಲಿಗೆ ಹಾಕುವುದು, ಗಂಟು ಬಿಗಿಯುವುದು. ಇಂಥ ಸಾಧನವನ್ನು ಬಳಕೆಗೆ ತಂದವರಲ್ಲಿ ಜರ್ಮನಿಯ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಪ್ರಮುಖರು. ಬಳಿಕ ಗುರುವಿನ ಪಕ್ಕದಲ್ಲಿ ನಿಂತು ಕ್ಯಾಮೆರಾ ಹಿಡಿಯುವುದು. ಆಮೇಲೆ ಗುರುವಿನ ಕಣ್ಣೆದುರಿನಲ್ಲಿ ಶಸ್ತ್ರಚಿಕಿತ್ಸೆಯ ಒಂದೊಂದೇ ಹಂತ. ಕೊನೆಗೆ ಪೂರ್ಣ ಶಸ್ತ್ರಚಿಕಿತ್ಸೆ. ಈ ಕ್ರಮದಲ್ಲಿ ಧರ್ಮಸೂಕ್ಷ್ಮವೊಂದಿದೆ. ಬೋಧನಾ ಆಸ್ಪತ್ರೆಗೆ ಬರುವವರಲ್ಲಿ ಬಡ ತಾಯಂದಿರೇ ಹೆಚ್ಚು. ಕಲಿಯುವವರ ಮೊದಲ ತಪ್ಪುಗಳು ಪೆಟ್ಟಿಗೆಯಲ್ಲಿ ಆಗಿಹೋಗಬೇಕೇ ಹೊರತು ಆ ತಾಯಿಯ ದೇಹದಲ್ಲಿ ಆಗಬಾರದು. ಗುರುವಿನ ಮೇಲ್ವಿಚಾರಣೆಯಲ್ಲಿ ಕಲಿಯುವುದಕ್ಕೆ ನಾವು ಅಂಜಬೇಕಿಲ್ಲ. ಹಾಗೆ ಕಲಿಯದಿದ್ದರೆ ನಾಳೆಯ ತಜ್ಞರೇ ಇರುವುದಿಲ್ಲ. ಮೇಲ್ವಿಚಾರಣೆ ಇಲ್ಲದಿರುವುದಕ್ಕೆ ಮಾತ್ರ ಅಂಜಬೇಕು.

ತರಬೇತಿಯ ಅತ್ಯಂತ ಕಠಿಣ ಪಾಠ ಕೈಯದಲ್ಲ, ವಿವೇಕದ್ದು: ಯಾವಾಗ ಶಸ್ತ್ರ ಹಿಡಿಯಬಾರದು ಎಂಬುದು. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳೂ ಸೇರಿದಂತೆ ಅನೇಕರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂಬ ದೂರುಗಳು 2015ರ ಸುಮಾರಿಗೆ ನಾಡನ್ನೇ ಕಲಕಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅನಗತ್ಯ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು 3 ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಗಾಯ ಚಿಕ್ಕದಾದಷ್ಟೂ ಒಪ್ಪಿಗೆ ಸುಲಭವಾಗುತ್ತದೆ. ಆದ್ದರಿಂದಲೇ ಎಚ್ಚರ ಹೆಚ್ಚಬೇಕು.

ಮನೆಯವರು ವೈದ್ಯರೊಡನೆ ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕಾದವು ಇವು:

1. ಕಾಯಿಲೆ ಯಾವುದು? ಮಾತ್ರೆ, ಹಾರ್ಮೋನ್ ಇರುವ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವುದು ಮುಂತಾದ ಬೇರೆ ಚಿಕಿತ್ಸೆಗಳಿಂದ ಗುಣವಾಗದೇ?

2. ಕ್ಯಾನ್ಸರ್ ಇಲ್ಲವೆಂದು ತಿಳಿಯಲು ಯಾವ ಪರೀಕ್ಷೆಗಳಾಗಿವೆ?

3. ಯಾವ ಮಾರ್ಗ, ಏಕೆ? ತಾವು ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದೀರಿ?

4. ಅಂಡಾಶಯಗಳನ್ನು ಉಳಿಸುವಿರಾ? ಚಿಕ್ಕ ವಯಸ್ಸಿನಲ್ಲಿ ಎರಡನ್ನೂ ತೆಗೆದರೆ ಒಡನೆಯೇ ಮುಟ್ಟು ನಿಂತ ಸ್ಥಿತಿ ಬಂದು ಮೂಳೆಗಳು ಸೊರಗುತ್ತವೆ.

5. ಒಳಗೆ ತೊಡಕು ಕಂಡರೆ ಹೊಟ್ಟೆ ತೆರೆಯುವಿರಾ? ಹಾಗೆ ತೆರೆಯುವುದು ಸೋಲಲ್ಲ. ಸಕಾಲದಲ್ಲಿ ತೆರೆಯುವುದು ಒಳ್ಳೆಯ ತರಬೇತಿಯ ಗುರುತು.

ಶಸ್ತ್ರಚಿಕಿತ್ಸೆಯಾದ ಮೇಲೂ ಮರೆಯಬಾರದುದೊಂದಿದೆ. ಹೊರಗಿನ ಗಾಯ ವಾರದಲ್ಲಿ ಒಣಗಿದರೂ ಒಳಗಿನ ಹೊಲಿಗೆ ಮಾಯಲು ಸಮಯ ಬೇಕು. ಸುಮಾರು 6 ವಾರ ಕೊಡ, ಅಕ್ಕಿಮೂಟೆಯಂಥ ಭಾರವನ್ನು ಎತ್ತಬಾರದು. "ಗಾಯವೇ ಕಾಣುವುದಿಲ್ಲವಲ್ಲ" ಎಂದು ಮನೆಗೆಲಸಕ್ಕೆ ಹಚ್ಚುವುದು ಸಲ್ಲದು. ಜ್ವರ, ಹೆಚ್ಚುವ ಹೊಟ್ಟೆನೋವು, ರಕ್ತಸ್ರಾವ, ತಾನಾಗಿಯೇ ಮೂತ್ರ ಸೋರುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರ ಕಾಯಕ ವೈದ್ಯವೃತ್ತಿಯೇ ಆಗಿತ್ತು. ವೈದ್ಯವೂ ಕಾಯಕವೆನಿಸಿಕೊಳ್ಳಬೇಕಾದರೆ ಕೈಯಲ್ಲಿ ಕೌಶಲವಿದ್ದರೆ ಸಾಲದು, ಸತ್ಯಶುದ್ಧತೆಯೂ ಇರಬೇಕು. ಆ ಕಾಯಕವನ್ನು ಕಲಿಯುತ್ತಿರುವ ಯುವ ವೈದ್ಯರನ್ನು ಗೌರವಿಸೋಣ. ನಮ್ಮ ಮನೆಯ ತಾಯಿ, ಅಕ್ಕ, ಸೊಸೆಯರ ಪರವಾಗಿ ಪ್ರಶ್ನೆ ಕೇಳುವ ನಮ್ಮ ಹೊಣೆಯನ್ನೂ ನಿರ್ವಹಿಸೋಣ.